ಕಲೆ ಹೋಗದ ಮಿಂಚುಳ್ಳಿ

"ನೋಡ್ತಾ ಇರಿ! ಭಾನುವಾರದ ಸಭೆಯಲ್ಲಿ ನಾನು ಮಾತಾಡಿದ ಮೇಲೆ ಆ ಚಿತ್ರವನ್ನ ಬೈಯೋಕೆ ಈ ಊರಲ್ಲಿ ಒಂದು ನಾಲಿಗೆಯೂ ಮೇಲೇಳಬಾರದು. ನಿಮ್ಮ ನಾಲಿಗೆಯೂ ಸೇರಿ!"

ಹೀಗೆಂದು ಘೋಷಿಸಿದವಳು ಯಾವ ಸೇನಾಧಿಪತಿಯೂ ಅಲ್ಲ, ಲಾಂಡ್ರಿ ಅಕ್ಕ. ಅವಳು ಕೈಯಲ್ಲಿ ಎತ್ತಿ ಹಿಡಿದದ್ದು ಕತ್ತಿಯಲ್ಲ, ಹಲ್ಲಿನ ಡಾಕ್ಟರ ಒದ್ದೆ ಕೋಟು. ಎದುರಿಗಿದ್ದ ಶತ್ರು ಸಾಕ್ಷಾತ್ ಕೈಹಿಡಿದ ಗಂಡ. ಅವರು ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, "ಆಯ್ತಮ್ಮಾ. ಮೊದಲು ಆ ಕೋಟು ಹಿಂಡು. ನನ್ನ ಕಾಲ ಮೇಲೆ ನೀರು ಸುರೀತಿದೆ," ಎಂದರು.

ಆ ಲಾಂಡ್ರಿಯಲ್ಲಿ ನೀರಿನ ಖಾತೆ ಅಕ್ಕನದು, ಬೆಂಕಿಯ ಖಾತೆ ಗಂಡನದು. ಒಗೆಯುವುದು, ಕಲೆ ತೆಗೆಯುವುದು ಅವಳು. ಇಸ್ತ್ರಿ ಹಾಕಿ ಮಡಚುವುದು ಅವರು. ಗಿರಾಕಿಗಳೆಲ್ಲ ಅವಳನ್ನು ಅಕ್ಕ ಎನ್ನುತ್ತಿದ್ದುದರಿಂದ ಅವರು ತಾವಾಗಿಯೇ ಊರಿಗೆಲ್ಲ ಭಾವ ಆಗಿಬಿಟ್ಟಿದ್ದರು. ಮದುವೆಯಾದಾಗಿನಿಂದ ನೀರಿಗೂ ಬೆಂಕಿಗೂ ಒಂದು ದಿನವೂ ಜಗಳ ಬಂದದ್ದಿಲ್ಲ. ಬಂದದ್ದು ಒಂದು ಸಿನಿಮಾದಿಂದ!

ಸಿನಿಮಾದ ಹೆಸರು 'ಮಿಂಚುಳ್ಳಿ'. ಭಾವ ಚಡ್ಡಿ ಹಾಕಿಕೊಂಡು ಓಡಾಡುವ ಕಾಲದಿಂದ ಓದಿಕೊಂಡು ಬಂದ ಕಾಮಿಕ್ಸ್ ಪುಸ್ತಕಗಳ ಮಹಾವೀರ ಈ ಮಿಂಚುಳ್ಳಿ. ನೀಲಿ ಮೈ, ಕಿತ್ತಳೆ ಎದೆ, ಬೆನ್ನಿಗೆ ಕಟ್ಟಿದ ನೀಲಿ ರೆಕ್ಕೆ. ಸೇತುವೆಯ ಮೇಲಿಂದ ಬಾಣದಂತೆ ಧುಮುಕುವುದು, ಕಳ್ಳನನ್ನು ಮೀನಿನಂತೆ ಕಚ್ಚಿಕೊಂಡು ಮೇಲೇಳುವುದು, ಪ್ರತಿ ಗುದ್ದಿಗೂ ಒಂದು ಜೋಕು ಹೇಳುವುದು ಅವನ ಕ್ರಮ. ಗುದ್ದು ತಡೆದುಕೊಂಡು ಜೋಕು ತಡೆಯಲಾರದೆ ಶರಣಾದ ಕಳ್ಳರೂ ಉಂಟು!

ಸಿನಿಮಾದವರು ಇಂಥವನನ್ನು ಕರೆದುಕೊಂಡು ಹೋಗಿ ಕತ್ತಲೆಯಲ್ಲಿ ನಿಲ್ಲಿಸಿಬಿಟ್ಟರು. ನೀಲಿಯೂ ಇಲ್ಲ, ಕಿತ್ತಳೆಯೂ ಇಲ್ಲ, ಮೈಯೆಲ್ಲ ಮಸಿ. ಜೋಕು ಹಾಗಿರಲಿ, ಮಾತೇ ಅಪರೂಪ. ಚಿತ್ರದ ತುಂಬ ಮಳೆ, ಹೊಗೆ, ಒಡೆದ ಬೀದಿದೀಪ. ಊರು ಎರಡು ಹೋಳಾಯಿತು. "ಇದಪ್ಪಾ ಚಿತ್ರ!" ಎನ್ನುವವರು ಒಂದು ಕಡೆ, "ಇದೇನಪ್ಪಾ ಚಿತ್ರ!" ಎನ್ನುವವರು ಇನ್ನೊಂದು ಕಡೆ. ಕ್ಷೌರದಂಗಡಿಯವನಂತೂ ಗಿರಾಕಿಯ ಅರ್ಧ ಗಡ್ಡ ಬೋಳಿಸಿ, ಕತ್ತಿಯನ್ನು ಮೇಲೆತ್ತಿ, "ಈಗ ಹೇಳಿ ಸ್ವಾಮಿ, ಚಿತ್ರ ಹೇಗಿದೆ?" ಎಂದು ಕೇಳುತ್ತಿದ್ದನಂತೆ. ಅವನ ಅಂಗಡಿಯಿಂದ ಹೊರಗೆ ಬಂದವರೆಲ್ಲ ಚಿತ್ರವನ್ನು ಮೆಚ್ಚಿದವರೇ!

ಅಕ್ಕ, ಭಾವ ಜೊತೆಯಾಗಿಯೇ ಚಿತ್ರಕ್ಕೆ ಹೋಗಿದ್ದರು. ಇಂಟರ್‌ವಲ್ ಆದದ್ದೇ ತಡ, ಭಾವ ಎದ್ದು ನಿಂತು, "ಇದು ಮಿಂಚುಳ್ಳಿ ಅಲ್ಲ, ಕಾಗೆ!" ಎಂದು ತೀರ್ಪು ಕೊಟ್ಟು ಹೊರಗೆ ಹೋದವರು ಮತ್ತೆ ಒಳಗೆ ಬರಲಿಲ್ಲ. ಪೋಸ್ಟರಿಗೆ ಬೆನ್ನು ಹಾಕಿ ಹೊರಗೇ ನಿಂತಿದ್ದರು. ಚಿತ್ರ ಮುಗಿದ ಮೇಲೆ ಅಕ್ಕ ಕೆಂಪು ಕಣ್ಣು ಮಾಡಿಕೊಂಡು ಬಂದಾಗ, "ಪಾಪ, ಅಷ್ಟೂ ನೋಡಿದ್ಯಾ? ನನ್ನ ಜೊತೆ ಬಂದುಬಿಡೋದಲ್ವಾ?" ಎಂದು ಸಮಾಧಾನ ಬೇರೆ ಮಾಡಿದರು.

ಅಕ್ಕನ ಆಸೆ ದೊಡ್ಡದೇನಲ್ಲ. ಆ ಎರಡನೇ ಅರ್ಧದಲ್ಲಿ ಒಂದು ದೃಶ್ಯವಿತ್ತು. ಅದನ್ನು ನೋಡುವಾಗ ಅವಳು ತನಗರಿವಿಲ್ಲದೆ ಪಕ್ಕದ ಕುರ್ಚಿಯ ಕಡೆ ಕೈ ಚಾಚಿದ್ದಳು. ಕೈಗೆ ಸಿಕ್ಕಿದ್ದು ಖಾಲಿ ಕುರ್ಚಿ. ಗಂಡನನ್ನು ಒಮ್ಮೆ ಆ ಕುರ್ಚಿಯಲ್ಲಿ ಕೂರಿಸಬೇಕು, ಆ ದೃಶ್ಯವನ್ನು ಇಬ್ಬರೂ ಒಟ್ಟಿಗೆ ನೋಡಬೇಕು. ಇಷ್ಟೇ. ಇಷ್ಟಕ್ಕಾಗಿ ದೇವರನ್ನು ಕೇಳುವುದೋ ಬೇಡವೋ ಎಂದು ಯೋಚಿಸಿ, ಕೊನೆಗೆ ಬೇರೆ ಬೇಡಿಕೆಗಳ ನಡುವೆ ಮೆಲ್ಲಗೆ ಇದನ್ನೂ ತೂರಿಸಿದ್ದಳು.

ಆದರೆ ಭಾವ ಬಗ್ಗಬೇಕಲ್ಲ!

"ಅವನು ಒಂದು ಸಲವಾದ್ರೂ ನಗಬಾರದಾ?"

"ನೀವು ಇಸ್ತ್ರಿ ಹಾಕುವಾಗ ನಗ್ತೀರಾ? ಅವನು ಕೆಲಸದಲ್ಲಿದಾನೆ!"

"ಎಲ್ಲಾ ಕತ್ತಲೆ ಕಣೇ, ಏನೂ ಕಾಣಲ್ಲ."

"ಪ್ರಾರ್ಥನೆ ಮಾಡುವಾಗ ಕಣ್ಣು ಮುಚ್ಚಲ್ವಾ? ಆಗ ಏನು ಕಾಣುತ್ತೆ?"

"ಬಾಗಿಲಿಗೆ ಬೀಗ ಹಾಕಿದ್ನೋ ಇಲ್ವೋ ಅನ್ನೋದು ಕಾಣುತ್ತೆ!"

"ನಿಮಗೆ ಹೇಳಿ ಪ್ರಯೋಜನ ಇಲ್ಲ. ಆ ಚಿತ್ರದಲ್ಲಿ ಕಲೆ ಇದೆ ರೀ, ಕಲೆ!"

"ಇದೆ ಇದೆ, ಅವನ ಮೈತುಂಬಾ ಇದೆ! ನಾನೂ ಅದನ್ನೇ ಹೇಳ್ತಿರೋದು. ತೊಳೆದು ಕೊಡು!"

ಹೀಗಿರುವಾಗ ಹಲ್ಲಿನ ಡಾಕ್ಟರು ಕೋಟು ಕೊಡಲು ಬಂದರು. ಇವರು ಊರಿನ ಮಿಂಚುಳ್ಳಿ ಓದುಗರ ಬಳಗದ ಅಧ್ಯಕ್ಷರೂ ಹೌದು. ಭಾನುವಾರ ಗ್ರಂಥಾಲಯದ ಸಭಾಂಗಣದಲ್ಲಿ ಚಿತ್ರದ ಮೇಲೆ ಚರ್ಚೆ ಇದೆ, ಚಿತ್ರದ ವಿರುದ್ಧ ಭಾವ ಎಂದಿನಂತೆ ತಮ್ಮ ಮಿಂಚುಳ್ಳಿ ವೇಷದಲ್ಲೇ ಮಾತಾಡುತ್ತಾರೆ, ಪರವಾಗಿ ಮಾತಾಡಲು ಯಾರೂ ಮುಂದೆ ಬರುತ್ತಿಲ್ಲ ಎಂದು ಕೊರಗಿದರು.

"ನಾನು ಮಾತಾಡ್ತೀನಿ," ಎಂದಿತು ಅಕ್ಕನ ಬಾಯಿ. ಅಕ್ಕನಿಗೇ ಆಶ್ಚರ್ಯವಾಯಿತು. ಬಟ್ಟೆಯ ಗಂಟಿನ ಜೊತೆ ಜನ ತಮ್ಮ ಕಷ್ಟದ ಗಂಟನ್ನೂ ಅವಳ ಮುಂದೆ ಬಿಚ್ಚುತ್ತಿದ್ದರು. ಅವಳು ಸೋಪು ಹಚ್ಚುತ್ತಾ ಕೇಳಿಸಿಕೊಳ್ಳುತ್ತಿದ್ದಳೇ ಹೊರತು ನಾಲ್ಕು ಜನರ ಮುಂದೆ ನಿಂತು ಮಾತಾಡಿದವಳಲ್ಲ.

ಭಾವನ ವೇಷದ ಬಗ್ಗೆ ಒಂದು ಮಾತು ಹೇಳಬೇಕು. ಅದನ್ನು ಹೊಲಿದವರು ಭಾವನ ತಾಯಿ. ಆ ಕಿತ್ತಳೆ ಬಣ್ಣ ಸಿಗದೆ, ಕೊನೆಗೆ ತಮ್ಮದೇ ಮಂಚದ ಹೊದಿಕೆಯನ್ನು ಕತ್ತರಿಸಿ ಮಗನ ಎದೆಗೆ ಹಾಕಿದ್ದರು. ಆ ತಾಯಿ ಈಗಿಲ್ಲ. ಮಗನ ಸೊಂಟ ಬೆಳೆದಂತೆಲ್ಲ ಅಕ್ಕ ಅದರ ಬದಿಗಳನ್ನು ಬಿಚ್ಚಿ ಬಿಚ್ಚಿ ಅಗಲ ಮಾಡುತ್ತಾ ಬಂದಿದ್ದಳು. ಈಗ ಭಾವ ಅದನ್ನು ತೊಟ್ಟರೆ, ಮಿಂಚುಳ್ಳಿ ಈವರೆಗೆ ಹಿಡಿದ ಮೀನೆಲ್ಲ ಹೊಟ್ಟೆಯಲ್ಲೇ ಉಳಿದಂತೆ ಕಾಣುತ್ತಿತ್ತು. ಆದರೂ ಅದನ್ನು ತೊಟ್ಟಾಗ ಅವರ ಮುಖದಲ್ಲಿ ಬರುತ್ತಿದ್ದ ಕಳೆಯೇ ಬೇರೆ.

ವೇಷಕ್ಕೆ ವೇಷವೇ ಉತ್ತರ ಎಂದು ಅಕ್ಕನೂ ಸಜ್ಜಾದಳು. ಶನಿವಾರ ಗಂಡ ಬಟ್ಟೆ ತಲುಪಿಸಲು ಹೋದಾಗ ಒಂದು ಹಳೆಯ ಬಿಳಿ ಹಾಸನ್ನು ಕತ್ತರಿಸಿ, ಕರಿ ಬಣ್ಣದ ನೀರಿನಲ್ಲಿ ಅದ್ದಿ, ಚಿತ್ರದ ಮಿಂಚುಳ್ಳಿಯ ರೆಕ್ಕೆಯನ್ನು ತಯಾರಿಸಿದಳು. ಬಣ್ಣ ಹಾಕಿದ ಬಟ್ಟೆಯನ್ನು ನೀರು ತಿಳಿಯಾಗುವವರೆಗೆ ಜಾಲಿಸಬೇಕು ಎಂದು ಊರಿಗೆಲ್ಲ ಪಾಠ ಹೇಳುವವಳು, ಅವಸರದಲ್ಲಿ ತಾನೇ ಜಾಲಿಸಲಿಲ್ಲ! ಹಾಗೇ ಒಣಗಿಸಿ, ಹಿಂದಿನ ಕೋಣೆಯ ಮೊಳೆಗೆ ನೇತುಹಾಕಿದಳು. ಭಾಷಣದ ಮೊದಲ ಮಾತು ಮರೆಯಬಾರದೆಂದು ಒಂದು ಚೀಟಿಯಲ್ಲಿ ಅದನ್ನು ಬರೆದು ರೆಕ್ಕೆಗೆ ಪಿನ್ನು ಮಾಡಿದಳು: "ಇದು ಕಲೆ!"

ಇಲ್ಲೇ ಎಡವಟ್ಟಾದದ್ದು. ಆ ಲಾಂಡ್ರಿಯಲ್ಲಿ ಪ್ರತಿ ಬಟ್ಟೆಗೂ ಚೀಟಿ ಚುಚ್ಚುವುದು ರೂಢಿ. 'ಗುಂಡಿ' ಎಂದರೆ ಗುಂಡಿ ಕಿತ್ತಿದೆ, 'ಗಂಜಿ' ಎಂದರೆ ಗಂಜಿ ಹಾಕಬೇಕು. 'ಕಲೆ' ಎಂದರೆ ಬಿಸಿನೀರು, ಕಲೆ ತೆಗೆಯುವ ಪುಡಿ, ದೊಡ್ಡ ಮೆಷಿನ್ನು.

ಭಾನುವಾರ ಬೆಳಿಗ್ಗೆ ಅಕ್ಕ ಪ್ರಾರ್ಥನೆಗೆ ಹೋದಳು. ಭಾವ ಒಬ್ಬರೇ ಉಳಿದರು. ವಾರವಿಡೀ ಹೆಂಡತಿಯ ಜೊತೆ ಕಿತ್ತಾಡಿದ್ದಕ್ಕೆ ಒಳಗೊಳಗೇ ಬೇಜಾರಾಗಿತ್ತು. ಹಿಂದಿನ ಕೋಣೆಗೆ ಬಂದರೆ ಕಪ್ಪು ಬಟ್ಟೆ, ಅದಕ್ಕೊಂದು ಚೀಟಿ. "ಅಯ್ಯೋ ಪಾಪ, ಭಾನುವಾರಕ್ಕೂ ಕಲೆ ತೆಗೆಯೋ ಕೆಲಸ ಇಟ್ಕೊಂಡಿದಾಳೆ. ಅದಕ್ಕೊಂದು ಉದ್ಗಾರ ಚಿಹ್ನೆ ಬೇರೆ! ಬಹಳ ಹಠಮಾರಿ ಕಲೆ ಇರಬೇಕು," ಎಂದುಕೊಂಡು, ಪ್ರೀತಿ ಉಕ್ಕಿ, ಎರಡು ಪಾಲು ಪುಡಿ ಸುರಿದರು. ಅಷ್ಟು ನೀರು, ಅಷ್ಟು ಪುಡಿ ಸುಮ್ಮನೆ ಹಾಳಾಗುವುದೇಕೆಂದು ತಮ್ಮ ನೀಲಿ-ಕಿತ್ತಳೆ ವೇಷವನ್ನೂ ಅದರೊಳಗೆ ಹಾಕಿದರು. ಮೆಷಿನ್ನು ತಿರುಗಿತು. ಅದೇ ಹೊತ್ತಿಗೆ ಅಲ್ಲಿ ಅಕ್ಕ ಕಣ್ಣು ಮುಚ್ಚಿ, "ದೇವರೇ, ನಮ್ಮ ಯಜಮಾನರ ಮನಸ್ಸು ಸ್ವಲ್ಪ ತಿರುಗಿಸಪ್ಪಾ," ಎಂದು ಬೇಡಿಕೊಳ್ಳುತ್ತಿದ್ದಳು!

ಮನೆಗೆ ಬಂದವಳು ಖಾಲಿ ಮೊಳೆ ನೋಡಿದಳು.

"ರೀ, ಇಲ್ಲಿದ್ದ ಕಪ್ಪು ಬಟ್ಟೆ ಎಲ್ಲಿ?"

"ಒಗೆಯೋಕೆ ಹಾಕ್ದೆ. ಕಲೆ ಅಂತ ಬರೆದಿದ್ಯಲ್ಲ."

"ಅಯ್ಯೋ! ಕಲೆ ಅಂದ್ರೆ ಕಲೆ ಅಲ್ಲ ರೀ, ಕಲೆ!"

"ನಾನೂ ಅದೇ ಅಂದಿದ್ದು. ಕಲೆ. ಅದಕ್ಕೇ ಹಾಕ್ದೆ."

"ಆ ಕಲೆ ಅಲ್ಲ!"

"ಎಷ್ಟು ಥರದ ಕಲೆ ಇಟ್ಕೊಂಡಿದೀಯಾ ನೀನು?"

ಇಬ್ಬರೂ ಮೆಷಿನ್ನಿನ ಬಾಗಿಲು ತೆಗೆದರು. ಮೊದಲು ಬಂದದ್ದು ಅಕ್ಕನ ರೆಕ್ಕೆ. ಇದ್ದಬದ್ದ ಕರಿಯನ್ನೆಲ್ಲ ಬಿಟ್ಟು, ನಾಚಿದ ಮದುಮಗಳಂತೆ ತಿಳಿ ಗುಲಾಬಿಯಾಗಿತ್ತು. ಅದು ಬಿಟ್ಟ ಕರಿ ಎಲ್ಲಿ ಹೋಯಿತು? ಆಮೇಲೆ ಬಂದ ಭಾವನ ವೇಷವನ್ನು ನೋಡಿದರೆ ಯಾರೂ ಕೇಳಬೇಕಾಗಿರಲಿಲ್ಲ. ನೀಲಿ ಹೋಗಿತ್ತು. ಕಿತ್ತಳೆ ಹೋಗಿತ್ತು. ಬಾಣಲೆಯ ತಳದಂತೆ ಮಸಿಗಪ್ಪು!

ಭಾವ ಕೂಗಾಡಿದ್ದರೆ ಅಕ್ಕ ತಾನೂ ಕೂಗಾಡಿ ಹಗುರಾಗುತ್ತಿದ್ದಳು. ಅವರು ಕೂಗಾಡಲಿಲ್ಲ. ಒದ್ದೆ ವೇಷವನ್ನು ತೊಡೆಯ ಮೇಲೆ ಹಾಕಿಕೊಂಡು ಸ್ಟೂಲಿನ ಮೇಲೆ ಕುಳಿತು, "ಅಮ್ಮನ ಹೊದಿಕೆ," ಎಂದರು, ಅಷ್ಟೇ.

ಅಕ್ಕ ತನ್ನ ಕೈಯನ್ನೇ ನೋಡಿಕೊಂಡಳು. ಊರಿಗೆಲ್ಲ ಕಲೆ ತೆಗೆಯುವ ಕೈ, ತನ್ನ ಮನೆಯಲ್ಲೇ ಇಂಥ ಕಲೆ ಹಚ್ಚಿತಲ್ಲ! "ರೀ, ಇವತ್ತು ಸಭೆಗೆ ಹೋಗೋದು ಬೇಡ. ನಾನು ತಿಂಗಳಾದರೂ ಕೂತು..." ಎನ್ನುವಷ್ಟರಲ್ಲಿ ಬಾಗಿಲಲ್ಲಿ ನಾದಿನಿ. ಭಾವನ ತಂಗಿ, ಬಸ್ ಕಂಡಕ್ಟರ್. ಅವಳ ದನಿಗೆ ನಿಂತ ಬಸ್ಸೂ ಹೊರಡುತ್ತದೆ.

"ಅಣ್ಣಾ, ಇನ್ನೂ ರೆಡಿ ಆಗಿಲ್ವಾ? ಏನಿದು, ಮಿಂಚುಳ್ಳಿ ಮಿಂಚು ಬಡಿಸ್ಕೊಂಡು ಬಂದಿದೆಯಾ? ಅತ್ತಿಗೇ, ಅಳೋದು ಆಮೇಲೆ. ಹಲ್ಲಿನ ಡಾಕ್ಟರು ಸಭಾಂಗಣದ ಬಾಗಿಲಲ್ಲೇ ಕಾಯ್ತಿದಾರೆ. ಹತ್ತಿ ಹತ್ತಿ, ಮುಂದೆ ನಡೀರಿ!"

"ಅಮ್ಮ ಹೊಲಿದಿದ್ದು. ಹೇಗಿದ್ದರೂ ಇದನ್ನೇ ಹಾಕ್ತೀನಿ," ಎಂದರು ಭಾವ. ಒಣಗಿಸಲು ಹೊತ್ತಿರಲಿಲ್ಲ. ಹಾಗೇ ಒದ್ದೆಯಾಗಿ ತೊಟ್ಟು ಹೊರಟರು. ಅಕ್ಕ ಗುಲಾಬಿ ರೆಕ್ಕೆಯನ್ನು ಚೀಲಕ್ಕೆ ತುರುಕಿಕೊಂಡು ಹಿಂದೆ ನಡೆದಳು.

ಸಭಾಂಗಣ ಕಿಕ್ಕಿರಿದಿತ್ತು. ಓದುಗರ ಬಳಗದವರು ಅತಿಥಿಗಳಿಗೆಂದು ಕುರ್ಚಿಗಳಿಗೆಲ್ಲ ಬಿಳಿ ಗವುಸು ತೊಡಿಸಿದ್ದರು. ಹಲ್ಲಿನ ಡಾಕ್ಟರು ಮೈಕು ಹಿಡಿದು, "ಈಗ ಬರ್ತಿದಾರೆ, ನಮ್ಮೆಲ್ಲರನ್ನೂ ನಗಿಸುವ, ಬಣ್ಣ ಬಣ್ಣದ, ನಮ್ಮ ನೆಚ್ಚಿನ ಮಿಂಚುಳ್ಳಿ!" ಎಂದು ಕೂಗಿದರು.

ಪರದೆ ಸರಿಯಿತು. ಕಪ್ಪು ವೇಷ. ಬಾಡಿದ ಮುಖ. ರೆಕ್ಕೆಯ ತುದಿಯಿಂದ ತೊಟ್ಟಿಕ್ಕುವ ಕರಿ ನೀರು. ಸಭೆ ಉಸಿರು ಬಿಗಿಹಿಡಿಯಿತು. ಮರುಕ್ಷಣ ಅರ್ಧ ಸಭೆ ಎದ್ದು ನಿಂತು ಚಪ್ಪಾಳೆ! ಇನ್ನರ್ಧ ಸಭೆಯಿಂದ "ಪಕ್ಷಾಂತರಿ!" ಎಂಬ ಕೂಗು!

"ನಾನು ಆ ಚಿತ್ರವನ್ನ ಒಪ್ಪಲ್ಲ," ಎಂದರು ಭಾವ, ತಗ್ಗಿದ ದನಿಯಲ್ಲಿ.

"ಅದೇ ಧ್ವನಿ! ಅದೇ ನೋವು!" ಎಂದ ಕ್ಷೌರದಂಗಡಿಯವನು.

"ಇದು ಮಿಂಚುಳ್ಳಿಗೆ ಮಾಡಿದ ಅವಮಾನ!"

"ಆಹಾ, ಏನು ಅಭಿನಯ!" ಎಂದು ಹಲ್ಲಿನ ಡಾಕ್ಟರು ಭಾವುಕರಾಗಿ ಬಂದು ಅಪ್ಪಿಕೊಂಡರು. ಬಿಡಿಸಿಕೊಂಡಾಗ ಅವರ ಬಿಳಿ ಅಂಗಿಯ ಮೇಲೆ ಒಂದು ಪೂರ್ತಿ ಮಿಂಚುಳ್ಳಿ ಅಚ್ಚಾಗಿತ್ತು. ಭಾವ ಕಂಗಾಲಾಗಿ ಒಂದು ಕುರ್ಚಿಯಲ್ಲಿ ಕುಳಿತರು. ಅಲ್ಲಿ ಅಚ್ಚು. ನಾಚಿ ಪಕ್ಕದ ಕುರ್ಚಿಗೆ ಸರಿದರು. ಅಲ್ಲೂ ಅಚ್ಚು. ಕಲೆಯಿಂದ ತಪ್ಪಿಸಿಕೊಳ್ಳಲು ಹೋಗಿ ಮುಂದಿನ ಸಾಲಿಗೆಲ್ಲ ಕಲೆ ಹಂಚಿದರು.

ಅಕ್ಕನ ಸರದಿ ಬಂತು. ಕರಾಳ ಚಿತ್ರವನ್ನು ಸಮರ್ಥಿಸಲು ಬಂದ ವೀರಾಂಗನೆಯ ಬೆನ್ನ ಮೇಲೆ ಗುಲಾಬಿ ರೆಕ್ಕೆ! ಸಭೆ ಬಿದ್ದು ಬಿದ್ದು ನಕ್ಕಿತು. ಅಕ್ಕನಿಗೆ ಮೊದಲ ಮಾತು ಮರೆತೇ ಹೋಯಿತು. ಗಂಡನ ಮುಖ ನೋಡಿದಳು. ಆಮೇಲೆ ಮಾತು ತಾನಾಗಿಯೇ ಬಂತು.

"ನನಗೆ ಸಿನಿಮಾ ಬಗ್ಗೆ ಏನೂ ಗೊತ್ತಿಲ್ಲ. ನಾನು ಬಟ್ಟೆ ಒಗೆಯೋಳು. ಆ ಚಿತ್ರದಲ್ಲಿ ಅವನ ಮೈಮೇಲಿರೋದು ಸುಮ್ನೆ ಬಳಿದ ಕಪ್ಪಲ್ಲ. ಒಂದು ಮನೆಗೆ ಬೆಂಕಿ ಬಿದ್ದಾಗ ಒಳಗೆ ನುಗ್ಗಿದ್ದ. ಮಕ್ಕಳನ್ನೆಲ್ಲ ಹೊರಗೆ ತಂದ. ಅವರ ತಾಯೀನ ತರೋಕಾಗಲಿಲ್ಲ. ಆ ಮಸಿ ಅವತ್ತಿಂದು. ಎರಡನೇ ಅರ್ಧದಲ್ಲಿ ಅವನು ಬಚ್ಚಲಲ್ಲಿ ಕೂತು ಆ ಅಂಗಿ ಉಜ್ಜುತ್ತಾನೆ. ಮಾತಿಲ್ಲ, ಸಂಗೀತ ಇಲ್ಲ, ಬರೀ ನೀರಿನ ಸದ್ದು. ಹೋಗಲ್ಲ. ಮತ್ತೆ ಉಜ್ಜುತ್ತಾನೆ. ಹೋಗಲ್ಲ. ಆ ಒದ್ದೆ ಅಂಗಿ ಮುಂದೆ ಮಂಡಿಯೂರಿ ಕೂತುಬಿಡ್ತಾನೆ. ಅಷ್ಟರಲ್ಲಿ ಹೊರಗೆ ಯಾರೋ ಕಾಪಾಡಿ ಅಂತ ಕೂಗ್ತಾರೆ..."

ಆಗ ನಕ್ಕವರು ಈಗ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ್ದರು.

"ಜೋಕು ಹೇಳೋ ಮಿಂಚುಳ್ಳಿ ನನಗೂ ಇಷ್ಟವೇ. ಆದ್ರೆ ಗೆದ್ದಾಗ ನಗೋದು ಯಾರಿಗಾದ್ರೂ ಬರುತ್ತೆ. ಸೋತು, ಮಸಿ ಮೆತ್ಕೊಂಡು, ಯಾರೂ ಭೇಷ್ ಅನ್ನದೇ ಇದ್ದಾಗ, ಆ ಒದ್ದೆ ಅಂಗೀನೇ ಹಾಕ್ಕೊಂಡು ಎದ್ದು ಹೋಗ್ತಾನಲ್ಲ, ಅದನ್ನ ನೋಡಿ ನಾನು ಕೈ ಮುಗಿದೆ. ಅವನು ಎದ್ದು ಹೋಗ್ತಾನೆ!"

ಇಲ್ಲಿಗೆ ನಿಲ್ಲಿಸಿದ್ದರೆ ಅಕ್ಕ ಅಮರಳಾಗುತ್ತಿದ್ದಳು. ಆವೇಶ ಬಿಡಬೇಕಲ್ಲ!

"ನಮ್ಮ ಮನೆಯವರೂ ಎದ್ದು ಹೋದ್ರು. ಇಂಟರ್‌ವಲ್‌ಗೆ! ಅರ್ಧ ಚಿತ್ರ ನೋಡಿ ಪೂರ್ತಿ ಬೈದವರು ಇವರು!"

ಸಭೆ ಸಿಡಿಲಿನಂತೆ ನಕ್ಕಿತು. ಮಾತು ಬಾಯಿಂದ ಹೊರಬಿದ್ದ ಕೂಡಲೇ ಅಕ್ಕ ನಾಲಿಗೆ ಕಚ್ಚಿಕೊಂಡಳು. ಬೆಳಿಗ್ಗೆ ತಾಯಿಯ ನೆನಪನ್ನು ಹಾಳು ಮಾಡಿದ್ದಾಯಿತು, ಈಗ ಊರ ಮುಂದೆ ಗಂಡನ ಮಾನ ತೆಗೆದದ್ದಾಯಿತು! ಭಾವ ತಲೆ ತಗ್ಗಿಸಿದರು. ತಗ್ಗಿಸಿದ ತಲೆಯನ್ನು ಎಷ್ಟು ಹೊತ್ತಾದರೂ ಎತ್ತಲಿಲ್ಲ. ತಮ್ಮ ಎದೆಯನ್ನೇ ನೋಡುತ್ತಿದ್ದರು.

ಅಕ್ಕ ವೇದಿಕೆಯಿಂದ ಓಡಿ ಇಳಿದು ಬಂದಳು. "ರೀ, ತಪ್ಪಾಯ್ತು..."

"ಇಲ್ಲಿ ನೋಡೇ," ಎಂದರು ಭಾವ, ಮೆಲ್ಲಗೆ.

ಬಟ್ಟೆಯೆಲ್ಲ ಕಪ್ಪಾಗಿತ್ತು, ನಿಜ. ಆದರೆ ಅತ್ತೆ ಹೊಲಿದದ್ದು ಬಣ್ಣ ಹಿಡಿಯದ ಪಾಲಿಯೆಸ್ಟರ್ ದಾರದಲ್ಲಿ. ಕಿತ್ತಳೆ ಬಟ್ಟೆಯ ಮೇಲೆ ಕಿತ್ತಳೆ ದಾರವಾದ್ದರಿಂದ ಈವರೆಗೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಈಗ ಆ ಕಪ್ಪಿನ ಮೇಲೆ ಒಂದೊಂದು ಹೊಲಿಗೆಯೂ ಕೆಂಡದ ಎಳೆಯಂತೆ ಹೊಳೆಯುತ್ತಿತ್ತು. ಎದೆಯ ಸುತ್ತ, ಕೊರಳ ಕೆಳಗೆ, ಹೊಟ್ಟೆಯ ಅಂಚಿನಲ್ಲಿ. ಒಂದು ಕಡೆ ದಾರ ಸೊಟ್ಟಗೆ ಹೋಗಿ, ಮತ್ತೆ ಬಿಚ್ಚಿ ಹೊಲಿದ ಗುರುತು ಕೂಡ.

"ಅಮ್ಮನ ಕೈ ಕಾಣ್ತಿದೆ," ಎಂದರು. "ಇಷ್ಟು ವರ್ಷ ಬಣ್ಣ ನೋಡಿದ್ದೆ ಕಣೇ. ಹೊಲಿಗೆ ನೋಡಿರಲಿಲ್ಲ." ಆ ಸೊಟ್ಟ ಹೊಲಿಗೆಯ ಮೇಲೆ ಬೆರಳಾಡಿಸುತ್ತಾ, "ಅವನು ಅಷ್ಟು ಉಜ್ಜಿದ್ರೂ ಹೋಗಲಿಲ್ವಾ?" ಎಂದು ಕೇಳಿದರು.

"ಹೋಗಲಿಲ್ಲ."

"ಮುಂದೇನಾಯ್ತು?"

"ಬಂದು ನೋಡಿ!"

ಹೀಗೆ ಮುಂದಿನ ಭಾನುವಾರ ಮಧ್ಯಾಹ್ನದ ಆಟಕ್ಕೆ ಹೋಗುವುದೆಂದು ನಿಶ್ಚಯವಾಯಿತು. ಅಕ್ಕನ ಸಂತೋಷ ಹೇಳತೀರದು. ಆದರೆ ನಡುವಿನ ವಾರವನ್ನು ಮಾತ್ರ ಕೇಳಬೇಡಿ! ಭಾವ ಅಚ್ಚೊತ್ತಿದ ಗವುಸುಗಳು ಗಂಟು ಗಂಟಾಗಿ ಅಂಗಡಿಗೆ ಬಂದು ಬಿದ್ದವು. ಜೊತೆಗೆ ಹಲ್ಲಿನ ಡಾಕ್ಟರ ಅಂಗಿ. ಅವರನ್ನು ಅಪ್ಪಿದವರ ಅಂಗಿ. ಅವರ ಪಕ್ಕ ಕುಳಿತವರ ಅಂಗಿ! ಮಾಮೂಲಿ ಬಟ್ಟೆಯೆಲ್ಲ ಮುಗಿದ ಮೇಲೆ ಅಕ್ಕ ಈ ಮಸಿಯ ರಾಶಿಯ ಮುಂದೆ ಕೂರುತ್ತಿದ್ದಳು. ಉಜ್ಜಿದಳು, ನೆನೆಸಿದಳು, ಬಿಸಿಲಿಗೆ ಹಾಕಿದಳು, ಮತ್ತೆ ಉಜ್ಜಿದಳು. ಭಾನುವಾರ ಬೆಳಗಾಗುವ ಹೊತ್ತಿಗೆ ಗವುಸುಗಳು ಬೆಳ್ಳಗಾಗಿದ್ದವು, ಅಕ್ಕನ ಕಣ್ಣ ಸುತ್ತ ಕಪ್ಪಾಗಿತ್ತು.

ಮಧ್ಯಾಹ್ನ ಮೂವರೂ ಥಿಯೇಟರಿಗೆ ಹೋದರು. ಭಾವ ನಡುವೆ, ಅಕ್ಕ ಎಡಕ್ಕೆ, ನಾದಿನಿ ಬಲಕ್ಕೆ. ಮೊದಲ ಅರ್ಧ ಮುಗಿದು ದೀಪ ಹತ್ತಿತು. ಭಾವ ಎದ್ದು ನಿಂತರು! ಅಕ್ಕ ಆ ಖಾಲಿ ಕುರ್ಚಿಯ ಮೇಲೆ ಕೈಯಿಟ್ಟಳು. ಅವರು ಹೊರಗೆ ಹೋದರು... ಚಹಾ ಹಿಡಿದುಕೊಂಡು ವಾಪಸ್ಸು ಬಂದರು. ಕುಳಿತರು. ಅಕ್ಕ ದೇವರಿಗೆ ಮನಸ್ಸಿನಲ್ಲೇ ಕೈ ಮುಗಿದಳು. ಇಷ್ಟು ದಿನ ಹಿಡಿದಿಟ್ಟಿದ್ದ ಉಸಿರನ್ನು ಬಿಟ್ಟಳು. ದೀಪ ಆರಿತು. ಪರದೆಯ ಮೇಲೆ ಮಳೆ ಶುರುವಾಯಿತು. ಕತ್ತಲೆ ಮೆತ್ತಗಿತ್ತು. ಗಂಡನ ಭುಜ ಅದಕ್ಕಿಂತ ಮೆತ್ತಗಿತ್ತು.

ಮತ್ತೆ ದೀಪ ಹತ್ತಿದಾಗ ಜನ ಎದ್ದು ಹೊರಡುತ್ತಿದ್ದರು.

"ಅತ್ತಿಗೇ, ಇಳಿರಿ ಇಳಿರಿ, ಕೊನೇ ಸ್ಟಾಪು ಬಂತು!" ಎಂದಳು ನಾದಿನಿ.

ಅಕ್ಕ ತಡಬಡಿಸಿ ನೇರ ಕುಳಿತಳು. ಭಾವನ ಕಣ್ಣು ಕೆಂಪಾಗಿತ್ತು, ಕರವಸ್ತ್ರ ಒದ್ದೆಯಾಗಿತ್ತು.

"ಆ ದೃಶ್ಯ... ಬಂತಾ?"

"ಬಂತು."

"ನೋಡಿದ್ರಾ?"

"ನೋಡ್ದೆ. ಎಂಥಾ ಚಿತ್ರ ಕಣೇ! ನೀನು ಹೇಳಿದ್ದು ಅಕ್ಷರ ಅಕ್ಷರವೂ ನಿಜ. ಸಂಗೀತ ಇಲ್ಲ ಅಂದಿದ್ದು ಮಾತ್ರ ಸುಳ್ಳು. ಇತ್ತು. ನನ್ನ ಎಡ ಭುಜದಿಂದಲೇ ಬರ್ತಿತ್ತು. ಅವನು ಅಂಗಿ ಉಜ್ಜಿದ ಹಾಗೆಲ್ಲ ತಾಳಕ್ಕೆ ಸರಿಯಾಗಿ ಬರ್ತಿತ್ತು. ಮುಂದಿನ ಸಾಲಿನವರೆಲ್ಲ ತಿರುಗಿ ತಿರುಗಿ ನೋಡಿದ್ರು."

"ಅಯ್ಯೋ, ಎಬ್ಬಿಸಬಾರದಿತ್ತಾ?"

"ಎಬ್ಬಿಸೋಕೆ ಅಲುಗಾಡಿದ್ರೆ ಆ ದೃಶ್ಯ ತಪ್ಪಿಹೋಗ್ತಿತ್ತಲ್ಲ!" ಎಂದು ಭಾವ ಮೂಗು ಒರೆಸಿಕೊಂಡು, ಕೈಹಿಡಿದು ಅವಳನ್ನು ಎಬ್ಬಿಸಿದರು. "ಇನ್ನೊಂದು ಸಲ ಸಭೇಲಿ ಮಾತಾಡೋದಾದ್ರೆ ಪೂರ್ತಿ ಹೇಳಮ್ಮಾ. ನಾನು ಎದ್ದು ಹೋದೆ, ಒಪ್ಕೋತೀನಿ. ನೀನು ನಿದ್ದೆ ಹೋದೆ!"